ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ: ಹಳೇ ಜನಗಣತಿಯ ಗಂಟು ಬಿಚ್ಚಿಸಿ

ಮಾನ್ಯ ಉತ್ತರ ಕನ್ನಡ ಜಿಲ್ಲಾಧಿಕಾರಿಗಳೇ,

ಜನಗಣತಿ ಕಾಯ್ದೆ 1948ರ 15ನೇ ಕಲಂ ತಮಗೆ ಗೊತ್ತಿರದ್ದೇನಲ್ಲ. ಗಣತಿದಾರರು ಮನೆಮನೆಯಲ್ಲಿ ಬರೆದುಕೊಂಡ ದಾಖಲೆಯನ್ನು ಹೊರಗಿನವರಿಗೆ ತೋರಿಸುವಂತಿಲ್ಲ ಎನ್ನುತ್ತದೆ ಅದು. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಅದೇ ಕಲಂ ಮುಂದೆ ಮಾಡಿ, ಊರೂರಿನ ಒಟ್ಟು ಅಂಕಿಸಂಖ್ಯೆಗಳನ್ನು ಸರ್ಕಾರವೇ ಅಚ್ಚು ಹಾಕಿಸಿ ಬೆಲೆ ನಮೂದಿಸಿ ಹೊರತಂದ ಜಿಲ್ಲಾ ಜನಗಣತಿ ಕೈಪಿಡಿಯನ್ನೂ ಕೊಡಲಾಗದು ಎಂದು ಜಿಲ್ಲೆಯ ಕಚೇರಿಯೊಂದರಲ್ಲಿ ಹೇಳಿದ್ದಾರೆ. ‘ಸೆನ್ಸಸ್ ಅಂದ್ರೆ ಗೌಪ್ಯ’ ಎಂಬುದೊಂದೇ ಉತ್ತರ. ಲಿಖಿತ ಅರ್ಜಿ ಕೊಟ್ಟರೂ ಅದೇ. ಪುಸ್ತಕವಿದ್ದದ್ದು ಗಾಜಿನ ಕಪಾಟಿನಲ್ಲಿ, ಮೇಜಿನ ಈಚೆ ನಿಂತವರಿಗೂ ಕಾಣುವಂತೆ. ಅದರ ಪಕ್ಕದಲ್ಲೇ ಹಳೇ ಗಣತಿಯ ಕಾಗದ ಕಟ್ಟಿಟ್ಟ ಕೆಂಪು ಬಟ್ಟೆಯ ಗಂಟುಗಳು, ಅರ್ಧ ಚೀಟಿ ಗೆದ್ದಲು ತಿಂದು ಹೋಗಿದೆ, ಗೋಡೆಯಿಂದ ಮಳೆನೀರು ಇಳಿದು ಕೆಳಗಿನ ಗಂಟು ಕಪ್ಪಾಗಿದೆ. ಓದುವವರಿಗೆ ಗೌಪ್ಯ, ಗೆದ್ದಲಿಗೆ ಮುಕ್ತ. ಇದನ್ನು ಎಷ್ಟು ವರ್ಷ ಸಹಿಸಬೇಕು, ಸ್ವಾಮಿ?

ಪುಸ್ತಕದ ಸ್ಕ್ಯಾನ್ ಪ್ರತಿ ಜನಗಣತಿ ಇಲಾಖೆಯ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದಲ್ಲ ಎಂದು ಯಾರಾದರೂ ಕೇಳಬಹುದು. ಸಿಗುತ್ತದೆ. ಆದರೆ ಸ್ಕ್ಯಾನಿನಲ್ಲಿ 3 ಯಾವುದು, 8 ಯಾವುದು ತಿಳಿಯದ ಪುಟಗಳಿವೆ. ಗಂಡಸರು, ಹೆಂಗಸರ ಸಂಖ್ಯೆ ಕೂಡಿಸಿ ಒಟ್ಟು ಸಂಖ್ಯೆಗೆ ತಾಳೆ ನೋಡಬೇಕು. ಊರುಗಳ ಒಟ್ಟನ್ನು ತಾಲ್ಲೂಕಿನ ಮೊತ್ತಕ್ಕೆ ತಾಳೆ ನೋಡಬೇಕು. ಅಷ್ಟಾಗಿಯೂ ಹೊಂದದಿದ್ದರೆ ಅಚ್ಚಿನ ಪ್ರತಿಯೇ ಗತಿ. ಆ ಪ್ರತಿ ಕೊಡಿ ಎಂದಷ್ಟೇ ಕೇಳಿದ್ದು.

ಕೇಳುತ್ತಿರುವುದು ದಾಂಡೇಲಿಗಾಗಿ. ಕಾಗದದ ಮಿಲ್ಲು ಸ್ಥಾಪನೆಯಾದದ್ದು 1955ರಲ್ಲಿ, ಉತ್ಪಾದನೆ ಶುರುವಾದದ್ದು 1959ರಲ್ಲಿ. ಅಂದರೆ 1951ರ ಗಣತಿ ಮಿಲ್ಲಿಗೆ ಮೊದಲಿನದು, 1961ರದ್ದು ನಂತರದ್ದು. ಕಾಡಿನ ನಡುವಿನ ಊರು ಕಾರ್ಖಾನೆಯ ಪಟ್ಟಣವಾಗುವಾಗ ಮನೆಗಳು ಹೇಗೆ ಬದಲಾದವು, ಯಾರು ಕುಟುಂಬ ಕರೆತಂದರು, ಯಾರು ಒಬ್ಬರೇ ಬಂದು ಮೆಸ್ಸಿನಲ್ಲಿ ಉಂಡರು ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಜೋಡಿ ದಾಖಲೆ ಎಲ್ಲಿದೆ? ನಡುವೆ 1956ರಲ್ಲಿ ರಾಜ್ಯವೇ ಬದಲಾಯಿತು. 1951ರ ಪುಸ್ತಕ ಮುಂಬಯಿ ಸರ್ಕಾರದ್ದು, 1961ರದ್ದು ಮೈಸೂರಿನದ್ದು. ಒಂದರ ಊರಿನ ಕ್ರಮಸಂಖ್ಯೆ ಇನ್ನೊಂದರಲ್ಲಿ ಇಲ್ಲ. ಹಳಿಯಾಳ, ಸೂಪಾ ತಾಲ್ಲೂಕಿನ ಊರುಗಳನ್ನು ಹೆಸರು, ವಿಸ್ತೀರ್ಣ ಎರಡನ್ನೂ ನೋಡಿ ಒಂದೊಂದಾಗಿ ಹೊಂದಿಸಿಕೊಳ್ಳಬೇಕು. ಹೆಸರೊಂದನ್ನೇ ನಂಬಿದರೆ ತಪ್ಪು ಊರಿನ ಲೆಕ್ಕ ಸೇರಿಹೋಗುತ್ತದೆ.

ದೊಡ್ಡ ಹಳ್ಳ ಇರುವುದು ಕಸುಬಿನ ಕಾಲಮ್ಮಿನಲ್ಲಿ. ಎರಡೂ ಪುಸ್ತಕದಲ್ಲಿ ‘5’ ಎಂಬ ವರ್ಗವಿದೆ, ನೋಡಲು ಒಂದೇ. 1951ರ ಐದನೇ ವರ್ಗ ಬೇಸಾಯ ಬಿಟ್ಟ ಉತ್ಪಾದನೆಯದು. ಕಾರ್ಖಾನೆಯ ಕೆಲಸಗಾರ, ಕಾಡಿನಲ್ಲಿ ಮರ ಕಡಿಯುವವನು, ಅಂಕೋಲೆಯ ಮೀನುಗಾರ ಎಲ್ಲರೂ ಅಲ್ಲೇ. ಅವರಷ್ಟೇ ಅಲ್ಲ, ಅವರ ದುಡಿಮೆಯಲ್ಲಿ ಉಣ್ಣುವ ಹೆಂಡತಿ ಮಕ್ಕಳೂ ಆ ವರ್ಗಕ್ಕೇ ಸೇರಿದ್ದಾರೆ. 1961ರಲ್ಲಿ ಮೀನುಗಾರಿಕೆ, ಅರಣ್ಯದ ಕೆಲಸ ಮೂರನೇ ವರ್ಗಕ್ಕೆ ಹೋದವು. ಐದರಲ್ಲಿ ಉಳಿದದ್ದು ಗೃಹ ಕೈಗಾರಿಕೆಯಲ್ಲದ ತಯಾರಿಕೆ, ಅದೂ ದುಡಿಯುವವರ ತಲೆ ಮಾತ್ರ. ಹೆಂಡತಿ, ಮೂರು ಮಕ್ಕಳಿರುವ ಮಿಲ್ ಕೆಲಸಗಾರನ ಮನೆ 1951ರ ಲೆಕ್ಕದಲ್ಲಿ ಐದು, 1961ರಲ್ಲಿ ಒಂದು. ಇವೆರಡನ್ನು ಪಕ್ಕದಲ್ಲಿಟ್ಟು ‘ಕೈಗಾರಿಕೆ ಕುಸಿಯಿತು’ ಎಂದು ಬರೆದರೆ ಶುದ್ಧ ಸುಳ್ಳಾಗುತ್ತದೆ. 1951ರ ಕೋಷ್ಟಕದಿಂದ ಸ್ವಾವಲಂಬಿಗಳನ್ನಷ್ಟೇ, ಅಂದರೆ ತಮ್ಮ ದುಡಿಮೆಯಲ್ಲೇ ಬದುಕುವವರನ್ನಷ್ಟೇ ಬೇರೆ ತೆಗೆದು, ಉಪವಿಭಾಗ ನೋಡಿ ಮೀನು, ಕಾಡು ಕಳೆದು ಆಮೇಲೆ ಹೋಲಿಸಬೇಕು. ಆಗಲೂ ಸಿಗುವುದು ಅಂದಾಜು.

‘ಮನೆ’ಯದ್ದೂ ಅಷ್ಟೇ ಗೋಜಲು. ಗಣತಿಗೆ ಕುಟುಂಬವೆಂದರೆ ಒಂದೇ ಅಡುಗೆಯಲ್ಲಿ ಉಣ್ಣುವವರು. ಒಂದು ಲೈನ್ ಮನೆಯಲ್ಲಿ ಎರಡು ಒಲೆ ಉರಿದರೆ ಎರಡು ಕುಟುಂಬ. ಮನೆಗಳ ಸಂಖ್ಯೆಯಿಂದ ಜನಸಂಖ್ಯೆ ಭಾಗಿಸಿದರೆ ಕುಟುಂಬದ ಗಾತ್ರ ಊದಿಕೊಂಡು ಬರುತ್ತದೆ. ಹುಟ್ಟಿದೂರಿನ ಮಾಹಿತಿ ಜಿಲ್ಲೆಯ ಮಟ್ಟದಲ್ಲಿ ಅಚ್ಚಾದರೆ ದಾಂಡೇಲಿಗೆ ಬಂದವರು ಇಡೀ ಜಿಲ್ಲೆಯಲ್ಲಿ ಕರಗಿಹೋಗುತ್ತಾರೆ. ಹಿಂದಿನ ವಾಸದ ಊರು ಯಾವುದೆಂದು ಕೇಳತೊಡಗಿದ್ದೇ 1971ರಿಂದ.

ಆದ್ದರಿಂದಲೇ 1951ರ ರಾಷ್ಟ್ರೀಯ ಪೌರತ್ವ ನೋಂದಣಿ ಇಷ್ಟು ಮುಖ್ಯ. ಗಣತಿದಾರರು ಒಬ್ಬೊಬ್ಬರ ವಿವರ ಬರೆದುಕೊಂಡ ಚೀಟಿಗಳಿಂದ ನಕಲಿಳಿಸಿ, ಊರೂರಿಗೆ, ಮನೆಯ ಕ್ರಮದಲ್ಲಿ ಬರೆದ ದಾಖಲೆ ಅದು. ಜಿಲ್ಲಾಧಿಕಾರಿ ಮತ್ತು ಉಪವಿಭಾಗಾಧಿಕಾರಿ ಕಚೇರಿಗಳಲ್ಲಿ ಅದನ್ನು ಇಡಬೇಕೆಂದು ಕೇಂದ್ರ ಸರ್ಕಾರ ಆಗಲೇ ಸೂಚಿಸಿತ್ತು. ಅಸ್ಸಾಮಿನಲ್ಲಿ ಉಳಿದ ಪುಟಗಳನ್ನು ಸ್ಕ್ಯಾನ್ ಮಾಡಿ 2015ರಲ್ಲಿ ಪ್ರಕಟಿಸಿದರು. ಅವರ ಉದ್ದೇಶ ಪೌರತ್ವದ ಪರಿಶೀಲನೆ, ಅದು ನಮಗೆ ಬೇಡ. ಅರವತ್ತು ವರ್ಷ ದಾಟಿದ ಕಾಗದವೂ ಉಳಿದಿತ್ತು ಎಂಬುದಷ್ಟೇ ಇಲ್ಲಿ ಮುಖ್ಯ. ನಮ್ಮ ಜಿಲ್ಲೆಯ ಪ್ರತಿ ಎಲ್ಲಿದೆ? ಸೂಪಾ ಊರು ಕಾಳಿ ನದಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ತಾಲ್ಲೂಕು ಕೇಂದ್ರ ಜೊಯಿಡಾಕ್ಕೆ ಬಂದಾಗ ಆ ತಾಲ್ಲೂಕಿನ ಕಡತಗಳು ಯಾವ ಗಾಡಿ ಹತ್ತಿದವು? ಉತ್ತರ ಕೊಡುವವರಿಲ್ಲ.

ನಾವು ಯಾರ ಮನೆಯ ಹೆಸರನ್ನೂ ಕೇಳುತ್ತಿಲ್ಲ. ಗಂಟುಗಳನ್ನು ಬಿಚ್ಚಿಸಿ, ಯಾವ ಊರಿನ, ಯಾವ ವರ್ಷದ, ಎಷ್ಟು ಪುಟ ಎಂದು ಪಟ್ಟಿ ಮಾಡಿಸಿ. ಒದ್ದೆಯಾದವನ್ನು ಬಿಸಿಲಿಗೆ ಹರಡಿಸಬೇಡಿ, ಹಾಳೆ ಸುರುಟಿ ಮುರಿಯುತ್ತದೆ. ನೆರಳಲ್ಲಿ, ಗಾಳಿಯಾಡುವಲ್ಲಿ, ಹಾಳೆಗಳ ನಡುವೆ ಶಾಯಿ ಹೀರುವ ಕಾಗದವಿಟ್ಟು ಒಣಗಿಸಲಿ. ಅಚ್ಚಾದ ಕೈಪಿಡಿಗಳನ್ನು ಓದಲು ಕೊಡಿ ಎಂದು ಎಲ್ಲ ತಾಲ್ಲೂಕು ಕಚೇರಿಗಳಿಗೂ ಒಂದು ಸುತ್ತೋಲೆ ಹೋಗಲಿ. ಒಂದೇ ಒಂದು ಸುತ್ತೋಲೆ. ಕಾಯ್ದೆ ತಿದ್ದಬೇಕಿಲ್ಲ, ಅನುದಾನ ಬೇಕಿಲ್ಲ.

2027ರ ಗಣತಿಯ ಕೆಲಸಕ್ಕೆ ಕೋಣೆಗಳು ಬೇಕಾಗುತ್ತವೆ, ಜಿಲ್ಲೆಯಲ್ಲಿ ಅದರ ಹೊಣೆ ತಮ್ಮದೇ. ಜಾಗ ಮಾಡುವ ನೆಪದಲ್ಲಿ ಹಳೇ ಗಂಟುಗಳು ರದ್ದಿಗೆ ಹೋಗದಂತೆ ಈಗಲೇ ಆದೇಶ ಮಾಡಿ. ಪಟ್ಟಿಯಾಗುವವರೆಗೆ ಒಂದು ಹಾಳೆಯೂ ಹೊರಗೆ ಹೋಗಬಾರದು. ಪಟ್ಟಿ ಮಾಡಿಸಿ, ಕೈಪಿಡಿ ಕೊಡಿಸಿ, ಮತ್ತು ಈ ಪತ್ರಕ್ಕೆ ಲಿಖಿತ ಉತ್ತರ ಕೊಡಿ.

ಇತಿ,
ಕಾರವಾರ, ಶಿರಸಿ ಮತ್ತು ದಾಂಡೇಲಿಯ ಸ್ಥಳೀಯ ಇತಿಹಾಸದ ಅಭ್ಯಾಸಿಗಳು