ಬೇಗ ಹೊರಬಂದ ಮರಿಗಾಗಿ ಮುಚ್ಚಳ ತೆಗೆಯಬೇಡಿ

ಮಾನ್ಯ ಸಂಪಾದಕರೇ,

ಕಾರವಾರ, ಅಂಕೋಲಾ, ಕುಮಟಾ ಕಡೆ ಊರಕೋಳಿ ಸಾಕುವ ಮನೆಗಳಿಗೂ ಈಗ ಸಣ್ಣ ಇನ್‌ಕ್ಯುಬೇಟರ್ (ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುವ ಪೆಟ್ಟಿಗೆ) ಬಂದಿದೆ. 21ನೇ ದಿನಕ್ಕೆ ಬರಬೇಕಾದ ಮರಿ 19ಕ್ಕೋ 20ಕ್ಕೋ ಒಂದೆರಡು ಹೊರಬಂದರೆ ಸಾಕು, ಮುಚ್ಚಳ ತೆಗೆದು ಎತ್ತಿಕೊಳ್ಳುತ್ತಾರೆ. ಉಳಿದ ಮೊಟ್ಟೆ ಕೆಡುವುದು ಹೆಚ್ಚಾಗಿ ಅಲ್ಲೇ. ಆ ಹೊತ್ತಿಗೆ ಅವೂ ಬಿರುಕು ಬಿಟ್ಟಿರುತ್ತವೆ. ಒಳಗಿನ ಹಸಿಗಾಳಿ ಹೊರಗೆ ಹೋದರೆ ಮೊಟ್ಟೆಯ ಒಳಪೊರೆ ಒಣಗಿ ಮರಿಯ ಮೈಗೆ ಬಿಗಿಯಾಗಿ ಅಂಟುತ್ತದೆ. ಕೊಕ್ಕು ಆಡುತ್ತಿರುತ್ತದೆ, ಮೈ ತಿರುಗಿಸಲು ಆಗುವುದಿಲ್ಲ, ಮರಿ ಅಲ್ಲೇ ಸಾಯುತ್ತದೆ.

ಮೊದಲು ಬಂದ ಮರಿಗೆ ಅವಸರವಿಲ್ಲ. ಹೊಟ್ಟೆಗೆ ಎಳೆದುಕೊಂಡ ಮೊಟ್ಟೆಯ ಹಳದಿಯಿಂದಲೇ 48 ಗಂಟೆ ನೀರು, ಆಹಾರವಿಲ್ಲದೆ ಇರಬಲ್ಲದು. ಪುಕ್ಕ ಒಣಗಿ ಉಬ್ಬುವವರೆಗೆ ಒಳಗೇ ಬಿಡಿ, ನಾಲ್ಕಾರು ಮರಿಗಳನ್ನು ಒಟ್ಟಿಗೆ ಚಟ್ಟನೆ ತೆಗೆದು 35 ಡಿಗ್ರಿಯ ಬ್ರೂಡರ್‌ಗೆ (ಮರಿಗಳನ್ನು ಬೆಚ್ಚಗಿಡುವ ಗೂಡಿಗೆ) ಹಾಕಿ. ಕೆಳಗೆ ಬರೀ ಪೇಪರ್ ಬೇಡ, ಜಾರಿ ಕಾಲುಗಳು ಎರಡು ಕಡೆಗೆ ಸರಿದುಹೋಗುತ್ತವೆ; ಒರಟು ಬಟ್ಟೆ ಹಾಸಿ. ಹೊಕ್ಕುಳು ಕೆಂಪಾಗಿ ತೆರೆದಿದ್ದರೆ ಎಳೆಯಬೇಡಿ, ಕತ್ತರಿಸಬೇಡಿ. ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ಔಷಧಿ ಮುಟ್ಟಿಸಿ ಬೇರೆಯಾಗಿ ಇಡಿ.

ಮರಿಗಳು ಒಟ್ಟಾಗಿ ಮುಂಚೆಯೇ ಬಂದು ಹೊಕ್ಕುಳು ಮುಚ್ಚಿಕೊಳ್ಳದಿದ್ದರೆ ಶಾಖ ಜಾಸ್ತಿಯಾಗಿದೆ ಎಂದೇ ತಿಳಿಯಬೇಕು. ಫ್ಯಾನ್ ಇದ್ದರೆ 37.5 ಡಿಗ್ರಿ, ಫ್ಯಾನ್ ಇಲ್ಲದ ಥರ್ಮಾಕೋಲ್ ಪೆಟ್ಟಿಗೆಗೆ ಮೊಟ್ಟೆಯ ನೆತ್ತಿಯ ಮಟ್ಟದಲ್ಲಿ 38.3. ಪೆಟ್ಟಿಗೆಯ ಮೀಟರನ್ನೇ ನಂಬದೆ ಇನ್ನೊಂದು ಥರ್ಮಾಮೀಟರ್ ಇಟ್ಟು ಹೋಲಿಸಿ ನೋಡಿ.

ತೇವಾಂಶಕ್ಕಾಗಿ ಪೆಟ್ಟಿಗೆಯಲ್ಲಿಡುವ ನೀರಿನ ವಿಷಯದಲ್ಲಿ ನಮ್ಮ ಕರಾವಳಿಯ ಲೆಕ್ಕವೇ ಬೇರೆ. ಮಳೆಗಾಲದಲ್ಲಿ 26 ಡಿಗ್ರಿಯ, ಶೇ 90 ತೇವಾಂಶದ ಗಾಳಿ ಪೆಟ್ಟಿಗೆಯೊಳಗೆ ಕಾದಾಗ ಶೇ 47ರಷ್ಟಕ್ಕೆ ಬರುತ್ತದೆ. ಮೊದಲ 18 ದಿನಕ್ಕೆ ಬೇಕಾದದ್ದು ಹೆಚ್ಚುಕಡಿಮೆ ಅಷ್ಟೇ. ಅದರ ಮೇಲೆ ತಟ್ಟೆ ತುಂಬಾ ನೀರಿಟ್ಟರೆ ಮೊಟ್ಟೆಯ ನೀರು ಆರದೆ ಅದರ ದಪ್ಪ ತುದಿಯಲ್ಲಿರುವ ಗಾಳಿಕೋಶ ಚಿಕ್ಕದಾಗಿಯೇ ಉಳಿದು, ಮರಿ ಉಸಿರುಕಟ್ಟಿ ಸಾಯುತ್ತದೆ. ಘಟ್ಟದ ಮೇಲಿನ ಶಿರಸಿಯ ಚಳಿಗಾಲದಲ್ಲಿ ಇದು ತಿರುಗುಮುರುಗು, ಮೊದಲ ದಿನದಿಂದಲೇ ನೀರು ಬೇಕು. ಸಂಶಯ ಬಂದರೆ ತೂಗಿ ನೋಡಿ: 50 ಗ್ರಾಮಿನ ಮೊಟ್ಟೆ 18ನೇ ದಿನಕ್ಕೆ 44 ಗ್ರಾಮ್ ಆಸುಪಾಸು ಇರಬೇಕು. ಅಂದಿನಿಂದ ಮೊಟ್ಟೆಗಳನ್ನು ತಿರುಗಿಸುವುದು ನಿಲ್ಲಿಸಿ, ಮಳೆಗಾಲವಾದರೂ ತೇವಾಂಶವನ್ನು ಶೇ 65–70ಕ್ಕೆ ಏರಿಸಿ. ಕರೆಂಟ್ ಹೋದರೆ ಗಾಳಿ ತೂತು ಬಿಟ್ಟು ಕಂಬಳಿ ಹೊದಿಸಿ. ಒಳಗೆ ಇಣುಕಿ ನೋಡುವುದು ಬೇಡವೇ ಬೇಡ.

ಪೆಟ್ಟಿಗೆಯ ಜೊತೆ ಬರುವ ಹಾಳೆಗಳಲ್ಲಿ ಇದೆಲ್ಲವೂ ಇರುತ್ತದೆ ಎನ್ನುವಂತಿಲ್ಲ. ಪಶುಪಾಲನಾ ಇಲಾಖೆ ಮಳೆ ಹಿಡಿಯುವ ಮೊದಲೇ ತಾಲ್ಲೂಕು ಪಶು ಆಸ್ಪತ್ರೆಗಳಲ್ಲಿ ಒಂದು ದಿನದ ಪ್ರಾತ್ಯಕ್ಷಿಕೆ ನಡೆಸಲಿ. ಮೊಟ್ಟೆಗೆ ಟಾರ್ಚ್ ಹಿಡಿದು ಗಾಳಿಕೋಶ ನೋಡುವುದನ್ನು ಕೈಹಿಡಿದು ಕಲಿಸಲಿ.

– ಊರಕೋಳಿ ಸಾಕಣೆದಾರರು, ಕುಮಟಾ