ಮಾರ್ಚ್ 21ಕ್ಕೆ ಬೇರೆ ಬೇರೆ ಬಣ್ಣದ ಸಾಕ್ಸ್

ಎಲ್ಲರಿಗೂ ನಮಸ್ಕಾರ.

ಮಾರ್ಚ್ 21 ವಿಶ್ವ ಡೌನ್ ಸಿಂಡ್ರೋಮ್ ದಿನ. ಡೌನ್ ಸಿಂಡ್ರೋಮ್ ಹುಟ್ಟಿನಿಂದಲೇ ಇರುವ ಸ್ಥಿತಿ. ಜೀವಕೋಶದಲ್ಲಿ ಸಾಮಾನ್ಯವಾಗಿ ಎರಡಿರುವ 21ನೇ ಕ್ರೋಮೋಸೋಮ್ (ವಂಶಗುಣ ಹೊರುವ ಎಳೆ) ಇದು ಇರುವವರಲ್ಲಿ ಮೂರು ಇರುತ್ತದೆ. ಅದಕ್ಕೇ 3ನೇ ತಿಂಗಳ 21. ಡೌನ್ ಸಿಂಡ್ರೋಮ್ ಅಂಟುರೋಗವಲ್ಲ. ಬಸುರಿಯಾಗಿದ್ದಾಗ ತಾಯಿ ಏನೋ ತಪ್ಪು ಮಾಡಿದಳು ಅನ್ನುವ ಮಾತಂತೂ ದಯವಿಟ್ಟು ಬೇಡ.

ಅಂದು ಸಂಜೆ 5ಕ್ಕೆ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಸೇರೋಣ. ದೊಡ್ಡವರೂ ಮಕ್ಕಳೂ ಒಂದೊಂದು ಕಾಲಿಗೆ ಒಂದೊಂದು ಬಣ್ಣದ ಸಾಕ್ಸ್ ಹಾಕಿ ಬನ್ನಿ. ಕ್ರೋಮೋಸೋಮ್ ನೋಡಲು ಸಾಕ್ಸ್ ತರಹವೇ ಇರುತ್ತದೆ, ಅದರಿಂದ ಬಂದ ರೂಢಿ ಇದು. ಸುಮ್ನೆ ಹೊಸದು ಕೊಳ್ಳಬೇಡಿ, ಮನೆಯಲ್ಲಿರುವುದೇ ಸಾಕು.

ಡೌನ್ ಸಿಂಡ್ರೋಮ್ ಇರುವವರು ಬಂದಾಗ ಅವರನ್ನೇ ಮಾತನಾಡಿಸಿ, ಜೊತೆಗಿರುವ ಅಪ್ಪ ಅಮ್ಮನನ್ನಲ್ಲ. ಉತ್ತರ ತಡವಾದರೆ ಕಾಯಿರಿ. ಕೇಳದೆ ಫೋಟೊ ತೆಗೆಯಬೇಡಿ.

ಎಷ್ಟು ಜನ ಬರುತ್ತೀರಿ ಅಂತ 18ರೊಳಗೆ ಇಲ್ಲೇ ತಿಳಿಸಿ. ಕುರ್ಚಿ ಜೋಡಿಸಲು ಇಬ್ಬರು ಬೇಕು, ಯಾರು ಬರುತ್ತೀರಿ?