ನೆಟ್ ನಿಲ್ಲಿಸಿದರೆ ಜನರಿಗೆ ತಿಳಿಸಿ

ಮಾನ್ಯ ಸಂಪಾದಕರೇ,

ಎಲ್ಲಾದರೂ ಪ್ರತಿಭಟನೆ ನಡೆಯುತ್ತಿರುವಾಗ ವಾಟ್ಸ್‌ಆ್ಯಪ್ ಕೈಕೊಟ್ಟರೆ ಜನ ಕೇಳುವುದು ಒಂದೇ ಮಾತು: ‘ಸರ್ಕಾರದವರೇ ಬಂದ್ ಮಾಡಿಸಿದ್ರಾ?’ ಮಂಗಳೂರಿನ ಕಂಕನಾಡಿಯಲ್ಲಿ ರೀಚಾರ್ಜ್, ರಿಪೇರಿ ಅಂಗಡಿ ನಡೆಸುವ ನನಗೆ ಈ ಪ್ರಶ್ನೆ ಹೊಸದಲ್ಲ. ಹೀಗೆ ಕೇಳುವವರನ್ನು ಗಾಳಿಸುದ್ದಿ ಹಬ್ಬಿಸುವವರು ಎಂದು ಬೈಯುವುದು ಸುಲಭ. ನನಗೆ ಅದು ಒಪ್ಪಿಗೆಯಿಲ್ಲ.

2021ರ ಅಕ್ಟೋಬರ್ 4ರ ರಾತ್ರಿ. ಒಂಬತ್ತು ದಾಟಿತ್ತು, ಶಟರ್ ಎಳೆಯುವ ಹೊತ್ತು. ಟೈಲ್ಸ್ ಹಾಕುವ ಹುಡುಗನೊಬ್ಬ ಓಡಿ ಬಂದ. ಅವನ ಊರು ಉತ್ತರ ಪ್ರದೇಶದ ಲಖಿಂಪುರ ಖೇರಿ ಜಿಲ್ಲೆ. ಹಿಂದಿನ ದಿನವಷ್ಟೇ ಅಲ್ಲಿ ಕೃಷಿ ಕಾಯ್ದೆಗಳನ್ನು ವಿರೋಧಿಸುತ್ತಿದ್ದ ರೈತರ ಮೇಲೆ ವಾಹನ ಹರಿದು, ಆಮೇಲಿನ ಗಲಭೆಯೂ ಸೇರಿ 8 ಜನ ಸತ್ತಿದ್ದರು. ಅಲ್ಲಿ ಇಂಟರ್ನೆಟ್ ನಿಲ್ಲಿಸಿದ್ದರು. ಮನೆಗೆ ಕಳಿಸಿದ ಮೆಸೇಜ್‌ಗಳಿಗೆಲ್ಲ ಒಂದೇ ಟಿಕ್. ಈಗ ಆ ಒಂದು ಟಿಕ್ ಕೂಡ ಬೀಳುತ್ತಿಲ್ಲ. ‘ಭಯ್ಯಾ, ಇಲ್ಲೂ ಬಂದ್ ಮಾಡಿದ್ರಾ?’ ಎಂದ. ಕೈ ನಡುಗುತ್ತಿತ್ತು.

ಅವನ ಫೋನಿನಲ್ಲೇ ಗೂಗಲ್ ತೆರೆದೆ, ಬಂತು. ಪತ್ರಿಕೆಯ ವೆಬ್‌ಸೈಟೂ ಬಂತು. ಬಾರದೆ ಇದ್ದದ್ದು ವಾಟ್ಸ್‌ಆ್ಯಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮಾತ್ರ. ಮೂರೂ ಒಂದೇ ಕಂಪನಿಯವು. ಸರ್ಕಾರ ಮೊಬೈಲ್ ಡೇಟಾ ನಿಲ್ಲಿಸಿದ್ದರೆ ಗೂಗಲ್ ಕೂಡ ಬರುತ್ತಿರಲಿಲ್ಲ. ‘ಇದು ಕಂಪನಿಯದೇ ತೊಂದರೆ, ಮಾಮೂಲಿ ಕಾಲ್ ಮಾಡು’ ಎಂದೆ. ಅವನ ತಾಯಿ ಫೋನ್ ಎತ್ತಿದರು.

ಆ ರಾತ್ರಿ ಜಗತ್ತಿನಾದ್ಯಂತ ಸುಮಾರು ಆರು ಗಂಟೆ ಈ ಮೂರೂ ನಿಂತಿದ್ದವು. ನಿರ್ವಹಣೆ ಕೆಲಸದ ವೇಳೆ ಕೊಟ್ಟ ಒಂದು ಕಮಾಂಡ್‌ನಿಂದ ತನ್ನ ಡೇಟಾ ಸೆಂಟರ್‌ಗಳ ನಡುವಿನ ಸಂಪರ್ಕವೇ ಕಡಿದುಹೋಯಿತು, ಅಂಥ ಕಮಾಂಡ್ ತಡೆಯಬೇಕಿದ್ದ ಸಾಫ್ಟ್‌ವೇರ್‌ನಲ್ಲೂ ದೋಷವಿತ್ತು ಎಂದು ಕಂಪನಿ ಆಮೇಲೆ ವಿವರಿಸಿತು. ಲಖಿಂಪುರಕ್ಕೂ ಇದಕ್ಕೂ ಸಂಬಂಧವಿರಲಿಲ್ಲ.

ಆದರೆ ಅದೇ ರೈತ ಹೋರಾಟದಲ್ಲಿ ಇನ್ನೇನೇನು ನಡೆದಿತ್ತು ನೋಡಿ. 2020ರ ಡಿಸೆಂಬರ್ 20ರಂದು ಹೋರಾಟನಿರತ ರೈತರ ‘ಕಿಸಾನ್ ಏಕತಾ ಮೋರ್ಚಾ’ ಎಂಬ ಫೇಸ್‌ಬುಕ್ ಪುಟ ಕೆಲವು ಗಂಟೆ ಮಾಯವಾಯಿತು. ಯಂತ್ರವೇ ಅದನ್ನು ಸ್ಪ್ಯಾಮ್ ಎಂದುಕೊಂಡಿತು ಅಂತ ಕಂಪನಿ ಹೇಳಿತು. 2021ರ ಫೆಬ್ರುವರಿ 1ರಂದು ಸುಮಾರು 250 ಟ್ವಿಟರ್ ಖಾತೆಗಳು ದೇಶದಲ್ಲಿ ಕಾಣದಾದವು. ಇದು ಮಾತ್ರ ಕೇಂದ್ರ ಸರ್ಕಾರದ ಸೂಚನೆಯಿಂದಲೇ ಆದದ್ದು. ಒಂದು ಯಂತ್ರದ ಎಡವಟ್ಟು, ಇನ್ನೊಂದು ಸರ್ಕಾರದ ಆದೇಶ. ಫೋನ್ ಹಿಡಿದವನಿಗೆ ಎರಡೂ ಒಂದೇ ಥರ ಕಾಣುತ್ತವೆ, ಅಲ್ವಾ? ಮೇಲಾಗಿ ಖಾತೆ, ಪೋಸ್ಟ್ ತಡೆಯುವ ಆದೇಶಗಳನ್ನು ಗುಟ್ಟಾಗಿಡಬೇಕು ಎಂದು ಐಟಿ ಕಾಯ್ದೆಯಡಿಯ 2009ರ ನಿಯಮವೇ ಹೇಳುತ್ತದೆ. ಹೀಗಿರುವಾಗ ಜನ ಅನುಮಾನ ಪಡಬಾರದು ಅಂದರೆ ಹೇಗೆ?

ನಮ್ಮೂರಿನಲ್ಲೂ ಆಗಿದೆ. 2019ರ ಡಿಸೆಂಬರ್ 19ರಂದು ಪೌರತ್ವ ಕಾಯ್ದೆ ವಿರುದ್ಧದ ಪ್ರತಿಭಟನೆಯಲ್ಲಿ ಗೋಲಿಬಾರ್ ಆಗಿ ಇಬ್ಬರು ಸತ್ತರು. ಮೊಬೈಲ್ ಇಂಟರ್ನೆಟ್ 48 ಗಂಟೆ ನಿಲ್ಲಿಸಲಾಯಿತು. ಸಿಮ್ ಕೆಟ್ಟಿದೆ, ಪ್ಯಾಕ್ ಮುಗಿದಿದೆ ಎಂದುಕೊಂಡು ಅಂಗಡಿಗೆ ಬಂದವರು ಎಷ್ಟೋ ಜನ. ಕೆಲವರು ಸುಮ್ನೆ ಮತ್ತೆ ರೀಚಾರ್ಜ್ ಮಾಡಿಸಲು ಹೊರಟಿದ್ದರು, ನಾನೇ ಬೇಡ ಅಂದೆ. ತೋರಿಸೋಣ ಅಂದರೆ ನನ್ನ ಹತ್ತಿರ ಒಂದು ಆದೇಶದ ಪ್ರತಿಯೂ ಇರಲಿಲ್ಲ.

ಮರುತಿಂಗಳೇ, 2020ರ ಜನವರಿ 10ರಂದು, ಕಾಶ್ಮೀರದಲ್ಲಿ ನೆಟ್ ನಿಲ್ಲಿಸಿದ್ದನ್ನು ಪ್ರಶ್ನಿಸಿದ್ದ ಪತ್ರಕರ್ತೆ ಅನುರಾಧಾ ಭಸೀನ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೆಟ್ ನಿಲ್ಲಿಸುವ ಆದೇಶಗಳನ್ನು ಪ್ರಕಟಿಸಲೇಬೇಕು ಎಂದಿತು. ಆದರೆ ಎಲ್ಲೆಲ್ಲಿ, ಎಷ್ಟು ಸಲ ನಿಲ್ಲಿಸಿದ್ದಾರೆ ಎಂಬ ಲೆಕ್ಕವನ್ನೇ ಕೇಂದ್ರ ಇಟ್ಟಿಲ್ಲ ಎಂದು 2021ರ ಡಿಸೆಂಬರ್‌ನಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಹೇಳಬೇಕಾಯಿತು. ಇದು ನನಗೆ ತುಂಬಾ ಬೇಸರದ ವಿಷಯ.

ರಾಜ್ಯ ಸರ್ಕಾರಕ್ಕೆ ನನ್ನ ಮನವಿ ಇಷ್ಟು. ಯಾವ ಜಿಲ್ಲೆಯಲ್ಲಿ ನೆಟ್ ನಿಲ್ಲಿಸಿದರೂ ಯಾವ ಊರಲ್ಲಿ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ಯಾಕೆ ಎಂದು ಆ ಕೂಡಲೇ ಕನ್ನಡದಲ್ಲಿ ಎಸ್‌ಎಂಎಸ್ ಕಳಿಸಿ. ಡೇಟಾ ಮಾತ್ರ ನಿಲ್ಲಿಸಿದಾಗ ಎಸ್‌ಎಂಎಸ್ ಹೋಗುತ್ತದೆ. ಆಕಾಶವಾಣಿಯಲ್ಲಿ ಓದಿಸಿ. ಏನೂ ನಿಲ್ಲಿಸಿಲ್ಲ ಎಂದಾದರೆ ಅದನ್ನೂ ಜಿಲ್ಲಾಧಿಕಾರಿ ಕಚೇರಿಯಿಂದಲೇ ಹೇಳಿ. ಆದೇಶದ ಪ್ರತಿ ಕೊಟ್ಟರೆ ನನ್ನಂಥ ಅಂಗಡಿಯವರು ಗೋಡೆಗೆ ಅಂಟಿಸಲು ತಯಾರಿದ್ದೇವೆ.

— ಮೊಬೈಲ್ ಅಂಗಡಿಯ ಓದುಗ, ಕಂಕನಾಡಿ, ಮಂಗಳೂರು